ಮುಂದಿನ ಸಲ ದಿನಸಿ ಅಂಗಡಿಗೆ ಬೀಗ ಹಾಕಿಸುವ ಮೊದಲು: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ. ನಮ್ಮ ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ದಿನಸಿ ಅಂಗಡಿಗಳ ಬಗ್ಗೆ ಒಂದು ಅಧ್ಯಾಯ ಬರೆಸಿ. ಕಚೇರಿಯಲ್ಲೇ ಕೂತು ಬರೆಸಬೇಡಿ. 2020 ಮತ್ತು 2021ರಲ್ಲಿ ಗಲ್ಲಾದ ಹಿಂದೆ ನಿಂತು ಸಾಮಾನು ಕಟ್ಟಿಕೊಟ್ಟವರನ್ನು ಕರೆದು, ಅವರ ಮಾತು ಕೇಳಿ ಬರೆಸಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಇಂಥದ್ದೊಂದು ಯೋಜನೆ ಇರಬೇಕು. ವರ್ಷಕ್ಕೊಮ್ಮೆ ಅದನ್ನು ತೆರೆದು ನೋಡಿ ತಿದ್ದಬೇಕು. ಜಿಲ್ಲಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಹಾಗಾಗಿ ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಹೇಗೂ ವರ್ಷ ವರ್ಷ ಕೈಗೆ ಬರುವ ಕಡತಕ್ಕೆ ಕೆಲವು ಪುಟ ಸೇರಿದರೆ ಸಾಕು.

ನಾನು ವ್ಯಾಪಾರಿ ಅಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಸಂಸಾರ ಮಾಡಿಕೊಂಡಿರುವ ಗೃಹಿಣಿ. ಗಂಡನ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪೇಟೆಯ ಅಂಗಡಿ ಸಾಲು ಹೇಗೆ ನಡೆಯುತ್ತದೆ ಅಂತ ಗೊತ್ತು. ಕಾಡಿನ ನಡುವೆ ನಾಲ್ಕಾರು ಊರಿಗೆ ಒಂದೇ ಅಂಗಡಿ ಇದ್ದರೆ ಅದು ಹೇಗೆ ನಡೆಯುತ್ತದೆ ಅಂತಲೂ ಗೊತ್ತು. ಕೊರೊನಾ ಕಾಲದ ಆದೇಶಗಳು ಇವೆರಡನ್ನೂ ಒಂದೇ ಅಂತ ತಿಳಿದವು. ನನ್ನ ತಕರಾರೆಲ್ಲ ಅಲ್ಲಿಂದಲೇ ಶುರು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ದಿನಸಿ, ಹಾಲು, ತರಕಾರಿ, ಔಷಧಿಗೆ ವಿನಾಯಿತಿ ಇತ್ತು. ಅಂಗಡಿ ತೆರೆಯಬಹುದು, ಆದರೆ ಜನ ಹತ್ತಿರ ಹತ್ತಿರ ನಿಲ್ಲಬಾರದು. ಇದನ್ನು ಹೇಗೆ ಮಾಡಬೇಕು ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಲು ಯಾರಿಗೂ ಗೊತ್ತಿರಲಿಲ್ಲ ಅನ್ನುವುದೂ ನಿಜ. ಆದರೂ ಒಂದು ವಾರದೊಳಗೆ ನಮ್ಮ ಬೀದಿಯ ಅಂಗಡಿಗಳೆಲ್ಲ ಬೇರೆಯೇ ರೂಪಕ್ಕೆ ಬಂದವು. ಬಾಗಿಲಿಗೆ ಅಡ್ಡ ಹಗ್ಗ ಬಿತ್ತು. ಮುಂದಿನ ರಸ್ತೆಯಲ್ಲಿ ಸುಣ್ಣದ ವೃತ್ತಗಳು ಮೂಡಿದವು. ಹಗ್ಗದ ಪಕ್ಕದಲ್ಲಿ ಒಂದು ಬುಟ್ಟಿ. ಅದರಲ್ಲಿ ಸಾಮಾನಿನ ಚೀಟಿ ಹಾಕಬೇಕು, ಫೋನ್ ನಂಬರ್ ಬರೆದಿರಬೇಕು. ಸಾಮಾನು ಕಟ್ಟಿಟ್ಟ ಮೇಲೆ ಅವರೇ ಕರೆಯುತ್ತಿದ್ದರು.

ಆಮೇಲೆ ಚೀಟಿ ವಾಟ್ಸಾಪಿಗೆ ಹೋಯಿತು. ಮನೆಯಲ್ಲೇ ಬರೆದು, ಫೋಟೋ ತೆಗೆದು ಕಳಿಸಿದರೆ ಸಾಕು. ಅಕ್ಕಿ, ಬೇಳೆ, ಸಕ್ಕರೆ, ರವೆ ಎಲ್ಲವನ್ನೂ ಹಿಂದಿನ ರಾತ್ರಿಯೇ ಒಂದು ಕೆಜಿ, ಅರ್ಧ ಕೆಜಿ ಕೊಟ್ಟೆ ಮಾಡಿ ಇಡುತ್ತಿದ್ದರು. ಬೆಳಿಗ್ಗೆ ತಕ್ಕಡಿ ಮುಂದೆ ನಿಲ್ಲಿಸಿಕೊಂಡು ತೂಗುವ ಕೆಲಸ ಹೀಗೆ ತಪ್ಪಿತು. ಚಿಲ್ಲರೆ ಕೈಗೆ ಕೈ ತಾಗಿಸಿ ಕೊಡುವುದು ಬೇಡ ಅಂತ ಕ್ಯೂಆರ್ ಕೋಡ್ ಅಂಟಿಸಿದರು. ಅದುವರೆಗೆ 'ನಮಗೆ ಅದೆಲ್ಲ ಬೇಡ' ಎನ್ನುತ್ತಿದ್ದ ಹಿರಿಯ ವ್ಯಾಪಾರಿಗಳೂ ಅಂಟಿಸಿದರು. ಇದೆಲ್ಲ ಅವರು ಅವರವರ ಬುದ್ಧಿಯಿಂದ, ಪಕ್ಕದ ಅಂಗಡಿ ನೋಡಿಕೊಂಡು, ಗಿರಾಕಿಗಳು ಹೇಳಿದ್ದು ಕೇಳಿಕೊಂಡು ಮಾಡಿದ್ದು.

ಆ ಬುದ್ಧಿ ಈಗ ಎಲ್ಲಿದೆ? ಅವರ ತಲೆಯಲ್ಲಿ ಮಾತ್ರ. ಕೆಲವರು ಅಂಗಡಿ ಮುಚ್ಚಿದ್ದಾರೆ. ಕೆಲವರು ತೀರಿಕೊಂಡಿದ್ದಾರೆ. ಅಧಿಕಾರಿಗಳಿಗಂತೂ ವರ್ಗಾವಣೆ ಇದ್ದೇ ಇದೆ. ಆಗ ಜಿಲ್ಲೆ ನಡೆಸಿದವರು ಈಗ ಇಲ್ಲಿಲ್ಲ, ಮುಂದೆ ಏನಾದರೂ ಆದಾಗ ನೀವೂ ಇಲ್ಲಿ ಇರದೇ ಹೋಗಬಹುದು. ಅದಕ್ಕೇ ಬರೆದಿಡಿ ಅಂತ ಕೇಳುತ್ತಿದ್ದೇನೆ.

ಮೊದಲು ಸಮಯದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲಕ್ಕಿಂತ ಜಾಸ್ತಿ ತೊಂದರೆ ಆಗಿದ್ದು ಇದರಿಂದಲೇ.

2021ರ ಎರಡನೇ ಅಲೆಯಲ್ಲಿ, ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ನಿರ್ಬಂಧ ಬಂತು. ದಿನಸಿ ಅಂಗಡಿಗೆ ಬೆಳಿಗ್ಗೆ 6ರಿಂದ 10. ನಾಲ್ಕೇ ಗಂಟೆ. ಜನ ಮುಗಿಬಿದ್ದರು. ಮೇ ತಿಂಗಳ ಆರಂಭದಲ್ಲಿ, ಜನ ಸೇರುವುದು ಕಡಿಮೆಯಾಗಲಿ ಅಂತ ಮಧ್ಯಾಹ್ನ 12ರವರೆಗೆ ಬಿಟ್ಟರು. ಮೇ 10ರಿಂದ ಲಾಕ್‌ಡೌನ್ ಬಿಗಿಯಾದಾಗ ಮತ್ತೆ 10ಕ್ಕೇ ಇಳಿಸಿದರು. ಜೂನ್ 14ರಂದು ಉಳಿದ ಜಿಲ್ಲೆಗಳಿಗೆ ಮಧ್ಯಾಹ್ನ 2ರವರೆಗೆ ಸಡಿಲ ಮಾಡಿದಾಗಲೂ ಸೋಂಕು ಹೆಚ್ಚಿದ್ದ 11 ಜಿಲ್ಲೆಗಳಿಗೆ ಹಳೆಯ ನಿಯಮವೇ ಮುಂದುವರಿಯಿತು. ಆ ಪಟ್ಟಿಯಲ್ಲಿ ಶಿವಮೊಗ್ಗ ಇತ್ತು, ಚಿಕ್ಕಮಗಳೂರು ಇತ್ತು, ಕೊಡಗೂ ಇತ್ತು. ಅಂದರೆ ಮಲೆನಾಡಿನ ಬಹುಪಾಲು ಆ ನಾಲ್ಕು ಗಂಟೆಯಲ್ಲೇ ಸಿಕ್ಕಿಕೊಂಡಿತ್ತು.

ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ತೆರೆದಿರುವ ಅಂಗಡಿಗೆ ಬರುವಷ್ಟೇ ಜನ ನಾಲ್ಕು ಗಂಟೆಯೊಳಗೆ ಬರಬೇಕು. ಯಾರ ಹೊಟ್ಟೆಯೂ ಆದೇಶ ನೋಡಿ ಚಿಕ್ಕದಾಗುವುದಿಲ್ಲ. ಮನೆಗೆ ಬೇಕಾದ ಅಕ್ಕಿ ಅಷ್ಟೇ, ಎಣ್ಣೆ ಅಷ್ಟೇ. ಹಾಗಾದರೆ ಗಂಟೆಗೆ ಬರುವ ಜನ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಬೆಳಿಗ್ಗೆ 9ರ ಮೇಲೆ ಹೋದವರಿಗೆ ಇದು ನೆನಪಿರುತ್ತದೆ. 10 ಗಂಟೆಗೆ ಪೊಲೀಸರು ಬರುತ್ತಾರೆ ಅನ್ನುವ ಗಡಿಬಿಡಿ ಬೇರೆ. ಸುಣ್ಣದ ವೃತ್ತದಲ್ಲಿ ಸಮಾಧಾನವಾಗಿ ನಿಂತಿದ್ದವರೂ ಕೊನೆಯ ಅರ್ಧ ಗಂಟೆಯಲ್ಲಿ ಹಗ್ಗದ ಮೇಲೆ ಬೀಳುತ್ತಿದ್ದರು. ಅಂಗಡಿಯವರು ಕಷ್ಟಪಟ್ಟು ಮಾಡಿದ್ದ ಶಿಸ್ತನ್ನು ಆ ಹೊತ್ತಿನ ಗಡುವೇ ಕೆಡಿಸಿತು.

ಬೇರೆ ದೇಶಗಳಲ್ಲಿ ದೊಡ್ಡ ಅಂಗಡಿಗಳು ಸಮಯವನ್ನು ಬೇರೆ ರೀತಿ ಬಳಸಿದವು. ಆಸ್ಟ್ರೇಲಿಯಾದ ವೂಲ್‌ವರ್ತ್ಸ್ 2020ರ ಮಾರ್ಚ್ 17ರಿಂದ ಬೆಳಿಗ್ಗೆ 7ರಿಂದ 8ರವರೆಗಿನ ಒಂದು ಗಂಟೆಯನ್ನು ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ ಮೀಸಲಿಟ್ಟಿತು. ಅದೇ ವಾರ ಬ್ರಿಟನ್, ಅಮೆರಿಕದಲ್ಲೂ ಹಲವು ಅಂಗಡಿಗಳು ಹೀಗೇ ಮಾಡಿದವು. ಕಾಯಿಲೆಯಿಂದ ಜಾಸ್ತಿ ಅಪಾಯ ಇರುವವರು ಮೊದಲು ಬಂದು ಹೋಗಲಿ, ಉಳಿದವರು ದಿನವಿಡೀ ಹರಡಿಕೊಂಡು ಬರಲಿ ಎಂಬುದು ಅದರ ಲೆಕ್ಕ. ನಮ್ಮಲ್ಲಿ ನಾಲ್ಕೇ ಗಂಟೆ ಕೊಟ್ಟಾಗ ಹಿರಿಯರಿಗೆ ಅಂತ ಪ್ರತ್ಯೇಕ ಹೊತ್ತು ಎಲ್ಲಿಂದ ತರುವುದು? ಬೇಡುವ ಅವಕಾಶವೇ ಇರಲಿಲ್ಲ.

ಇಷ್ಟಾದರೂ ನಮ್ಮ ಬಡಾವಣೆಯ ಒಂದು ಅಂಗಡಿಯವರು 'ಅಜ್ಜ ಅಜ್ಜಿಯರು ಬಾಗಿಲು ತೆಗೆಯುವ ಹೊತ್ತಿಗೇ ಬಂದುಬಿಡಿ' ಅಂತ ಹೇಳಿದ್ದರು. ಆ ಹೊತ್ತಲ್ಲಿ ಬೇರೆಯವರು ಬಂದರೆ, 'ಸ್ವಲ್ಪ ಆಮೇಲೆ ಬನ್ನಿ ಅಣ್ಣ' ಎನ್ನುತ್ತಿದ್ದರು. ಯಾರೂ ಜಗಳ ಆಡಲಿಲ್ಲ. ಇಂಥ ಒಳ್ಳೆಯ ರೂಢಿಯನ್ನು ನಿಯಮವಾಗಿ ಬರೆಯಬಹುದು ಅಲ್ವಾ?

ಇನ್ನು ನಡೆದು ಹೋಗುವ ನಿಯಮ. 2021ರ ಮೇ 10ರ ಲಾಕ್‌ಡೌನಿಗೆ ಮೊದಲು ಹೊರಟ ಸೂಚನೆಯಲ್ಲಿ, ಸಾಮಾನು ತರಲು ವಾಹನ ತೆಗೆಯಬಾರದು, ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕು ಅಂತಿತ್ತು. ಜನ ಗಲಾಟೆ ಮಾಡಿದ ಮೇಲೆ ಅದನ್ನು ಸಡಿಲ ಮಾಡಿದರು. ಆದರೆ ಸಡಿಲವಾದ ಸುದ್ದಿ ಎಲ್ಲ ಚೆಕ್‌ಪೋಸ್ಟಿಗೂ ಒಂದೇ ದಿನ ತಲುಪಲಿಲ್ಲ. ಬೆಂಗಳೂರಿನ ಒಂದು ಬೀದಿಗೆ ಎರಡು ಅಂಗಡಿ ಇರಬಹುದು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ, ತೋಟ, ಹಳ್ಳ ದಾಟಬೇಕು. ಅಂಗಡಿ ಇರುವುದು ಬಸ್ ನಿಲ್ಲುವ ಜಾಗದಲ್ಲಿ. ಅಲ್ಲಿಗೆ ನಡೆದು ಹೋಗಿ, ಇಪ್ಪತ್ತೈದು ಕೆಜಿ ಅಕ್ಕಿಯ ಚೀಲ ಹೊತ್ತು ಘಟ್ಟ ಹತ್ತಿ ಬಾ ಅಂದರೆ ಅರವತ್ತು ದಾಟಿದವರು ಏನು ಮಾಡಬೇಕು? ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಲ್ಲಿ, ಇಲ್ಲಿ ಉಳಿದವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ.

ಹಾಗಾಗಿ ಅಧ್ಯಾಯದ ಮೊದಲ ಸಾಲಲ್ಲೇ ಹೀಗೆ ಬರೆಸಿ. ಮಲೆನಾಡು ತಾಲ್ಲೂಕುಗಳಲ್ಲಿ ದಿನಸಿಗೆ ಹೋಗುವವರಿಗೆ ವಾಹನ ಬಳಸಲು ಮೊದಲ ದಿನದಿಂದಲೇ ಅವಕಾಶ. ಅಂಗಡಿಯ ಸಮಯವನ್ನು ಯಾವ ಕಾರಣಕ್ಕೂ ಅರ್ಧ ದಿನಕ್ಕಿಂತ ಕಡಿಮೆ ಮಾಡುವಂತಿಲ್ಲ. ರಾಜ್ಯದ ಆದೇಶ ಬೇರೆ ಇದ್ದರೆ, ನಮ್ಮ ಜಿಲ್ಲೆಗೆ ಬದಲಾವಣೆ ಕೇಳುವ ಪತ್ರ ಮೊದಲೇ ಸಿದ್ಧ ಇರಲಿ.

ಈಗ ಮಳೆಗಾಲದ ಸಾಮಾನಿನ ಮಾತು. ಇದು ಹೊರಗಿನವರಿಗೆ ಬೇಗ ಅರ್ಥ ಆಗುವುದಿಲ್ಲ.

ಮಲೆನಾಡಿನಲ್ಲಿ ಮೇ ತಿಂಗಳು ಅಂದರೆ ಮನೆ ತುಂಬಿಸುವ ತಿಂಗಳು. ಜೂನ್‌ನಲ್ಲಿ ಮಳೆ ಹಿಡಿದರೆ ಯಾವಾಗ ಮರ ಬೀಳುತ್ತದೆ, ಯಾವಾಗ ಗುಡ್ಡ ಜಾರುತ್ತದೆ, ಯಾವಾಗ ಹಳ್ಳ ದಾಟುವ ಸಂಕ ಮುಳುಗುತ್ತದೆ ಅಂತ ಹೇಳಲಾಗುವುದಿಲ್ಲ. ಆಗುಂಬೆ, ಹುಲಿಕಲ್ ಕಡೆ ಹೇಳುವುದೇ ಬೇಡ. ಅದಕ್ಕೇ ಕಲ್ಲುಪ್ಪು, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಬೇಳೆಕಾಳು, ಬೆಂಕಿಪೊಟ್ಟಣ, ಸೋಪು ಎಲ್ಲವನ್ನೂ ಒಟ್ಟಿಗೆ ತರುತ್ತಾರೆ. ಮೀನು ತಿನ್ನುವವರ ಮನೆಗೆ ಒಣಮೀನೂ ಬರಬೇಕು. ದನಕ್ಕೆ ಹಿಂಡಿ, ಬೂಸ ಬೇಕು. ಒಂದು ಮನೆಯವರು ಒಂದೇ ಸಲಕ್ಕೆ ಹತ್ತು ಕೆಜಿ ಬೆಲ್ಲ ಕೊಂಡರೆ ಅದು ದುರಾಸೆಯಲ್ಲ. ಅಜ್ಜಿ ಕಾಲದಿಂದ ಬಂದ ಮುಂಜಾಗ್ರತೆ.

(ತೋಟದವರಿಗೆ ಇನ್ನೊಂದು ಚಿಂತೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ, ಸುಣ್ಣ ಮಳೆಗೆ ಮೊದಲೇ ಬೇಕು. ಗೊಬ್ಬರದ ಅಂಗಡಿಯ ಸಮಯವನ್ನೂ ಇದೇ ಅಧ್ಯಾಯದಲ್ಲಿ ಸೇರಿಸಿದರೆ ಒಳ್ಳೆಯದು.)

2020ರಲ್ಲಿ ಲಾಕ್‌ಡೌನ್ ಮೇ ಕೊನೆಯವರೆಗೂ ಇತ್ತು. 2021ರಲ್ಲಿ ಮೇ 10ರಿಂದ ಜೂನ್ ನಡುವಿನವರೆಗೂ ಬಿಗಿಯಾಗಿತ್ತು. ಎರಡು ವರ್ಷವೂ ಸರಿಯಾಗಿ ನಾವು ಮಳೆಗಾಲಕ್ಕೆ ಸಿದ್ಧವಾಗುವ ದಿನಗಳ ಮೇಲೇ ಬಂತು. ಆಗ ಅಂಗಡಿಯವರು ಇಕ್ಕಟ್ಟಿಗೆ ಸಿಕ್ಕಿದರು. ಶಿವಮೊಗ್ಗದಿಂದ ಬರುವ ಲೋಡು ಕಡಿಮೆ. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಹಾಗಂತ ಎಲ್ಲರಿಗೂ ಎರಡೆರಡು ಕೆಜಿ ಅಂತ ಕಟ್ಟು ಮಾಡಿದರೆ ಒಳಗಿನ ಊರಿನವರು ಮಳೆಯಲ್ಲಿ ಮತ್ತೆ ಮತ್ತೆ ಬರಬೇಕು.

ಬ್ರಿಟನ್ನಿನ ದೊಡ್ಡ ಅಂಗಡಿ ಸರಣಿ ಸೇನ್ಸ್‌ಬರೀಸ್ 2020ರ ಮಾರ್ಚ್‌ನಲ್ಲಿ ಯಾವುದೇ ದಿನಸಿ ಒಬ್ಬರಿಗೆ ಮೂರೇ, ಸೋಪು, ಟಾಯ್ಲೆಟ್ ಪೇಪರಿನಂಥ ಬೇಗ ಖಾಲಿಯಾಗುವ ಪದಾರ್ಥ ಎರಡೇ ಅಂತ ಮಿತಿ ಹಾಕಿತ್ತು. ಊರ ತುಂಬ ಅಂಗಡಿ ಇರುವ, ನಾಳೆಯೂ ಬರಬಹುದಾದ ಜಾಗಕ್ಕೆ ಅದು ಸರಿ. ನಮ್ಮ ಕಡೆ ಕೆಲವು ಅಂಗಡಿಯವರು ಮಾಡಿದ ಉಪಾಯ ನನಗೆ ಇನ್ನೂ ಚೆನ್ನಾಗಿ ಕಂಡಿತು. ಮಿತಿಯನ್ನು ತಲೆಗೆ ಹಾಕಲಿಲ್ಲ, ಮನೆಗೆ ಹಾಕಿದರು. ಈ ಮನೆಯಲ್ಲಿ ಎಷ್ಟು ಜನ, ಹೋದ ವರ್ಷ ಮೇ ತಿಂಗಳಲ್ಲಿ ಎಷ್ಟು ಒಯ್ದಿದ್ದರು ಅಂತ ಲೆಕ್ಕದ ಪುಸ್ತಕ ತೆಗೆದು ನೋಡಿದರು. ಅಷ್ಟನ್ನು ಎರಡು ಕಂತಲ್ಲಿ ಕೊಟ್ಟರು. ದೂರದ ಊರಿನವರಿಗೆ ಮೊದಲ ಕಂತು ದೊಡ್ಡದು, ಅಂಗಡಿ ಪಕ್ಕದವರಿಗೆ ಚಿಕ್ಕದು. ಯಾವ ದೊಡ್ಡ ಮಾರ್ಟಿಗೂ ಇದು ಸಾಧ್ಯವಿಲ್ಲ. ಗಿರಾಕಿಯ ಮನೆ ಗೊತ್ತಿರುವ ಅಂಗಡಿಗೆ ಮಾತ್ರ ಸಾಧ್ಯ. ಇಂಥ ವ್ಯಾಪಾರಿಗಳನ್ನು ಕರೆದು ಕೇಳಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಲೆಕ್ಕದ ಪುಸ್ತಕದ ಮಾತು ಬಂತು, ಉದ್ರಿಯ ವಿಷಯ ಹೇಳದೆ ಮುಂದೆ ಹೋಗಲಾರೆ.

ಆಗ ಅಡಿಕೆ ವ್ಯಾಪಾರ ನಿಂತಿತ್ತು. ಮಂಡಿಗಳು ಬಾಗಿಲು ಹಾಕಿದ್ದವು. ಸಂತೆ ಇಲ್ಲ. ಕೂಲಿ ಇಲ್ಲ. ಆಟೋ, ಹೋಟೆಲ್, ಟೈಲರಿಂಗ್ ಯಾವುದೂ ಇಲ್ಲ. ಪಡಿತರದಲ್ಲಿ ಕೇಂದ್ರದ ಗರೀಬ್ ಕಲ್ಯಾಣ್ ಯೋಜನೆಯಿಂದ 2020ರ ಏಪ್ರಿಲ್‌ನಿಂದ ತಲೆಗೆ 5 ಕೆಜಿ ಧಾನ್ಯ ಹೆಚ್ಚುವರಿಯಾಗಿ ಬಂತು. ಅದು ದೊಡ್ಡ ಆಸರೆ, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಅಕ್ಕಿಯಿಂದ ಊಟ ಆಗುವುದಿಲ್ಲ. ಎಣ್ಣೆ, ಖಾರ, ಹುಳಿ, ಟೀ ಪುಡಿ, ಸೋಪು, ಮಗುವಿನ ಬಿಸ್ಕತ್ತು ಇವೆಲ್ಲ ಬಂದಿದ್ದು ಕಿರಾಣಿ ಅಂಗಡಿಯಿಂದ, ಉದ್ರಿಯಲ್ಲಿ. 'ಅಡಿಕೆ ಮಾರಿದಾಗ ಕೊಡಿ', 'ಕೆಲಸ ಶುರುವಾದಾಗ ನೋಡೋಣ' ಅಂತ ಹೇಳಿ ಸಾಮಾನು ಕಟ್ಟಿಕೊಟ್ಟವರು ಎಷ್ಟು ಜನ! ಅವರಿಗೆ ಮೇಲಿನ ಸಗಟು ವ್ಯಾಪಾರಿ ಉದ್ರಿ ನಿಲ್ಲಿಸಿದ್ದ. ಲೋಡು ಇಳಿಸುವಾಗಲೇ ದುಡ್ಡು ಎಣಿಸಬೇಕಿತ್ತು. ಹೆಂಡತಿಯ ಬಳೆ ಅಡವಿಟ್ಟು ಅಂಗಡಿಗೆ ಸಾಮಾನು ತುಂಬಿಸಿದವರನ್ನು ನಾನು ಬಲ್ಲೆ. ಸರ್ಕಾರದ ಯಾವ ಲೆಕ್ಕದಲ್ಲೂ ಈ ಸಹಾಯ ಬರೆದಿಲ್ಲ. ಈ ಜಿಲ್ಲೆಯಲ್ಲಿ ಆ ಎರಡು ವರ್ಷ ಎಷ್ಟೋ ಮನೆಯ ಒಲೆ ಉರಿದಿದ್ದು ಈ ನಂಬಿಕೆಯ ಮೇಲೆ.

2021ರ ಮೇ 19ರಂದು ರಾಜ್ಯ ಸರ್ಕಾರ ಪ್ಯಾಕೇಜ್ ಘೋಷಿಸಿತು. ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ, ಆಟೋ, ಟ್ಯಾಕ್ಸಿ ಚಾಲಕರಿಗೆ 3,000 ರೂಪಾಯಿ. ಬಂದಿದ್ದು ಒಳ್ಳೆಯದೇ. ಆದರೆ ಉದ್ರಿ ಕೊಟ್ಟು ಕೈ ಖಾಲಿ ಮಾಡಿಕೊಂಡ ಹಳ್ಳಿ ಅಂಗಡಿಯವರು ಯಾರ ಕಣ್ಣಿಗೂ ಬೀಳಲಿಲ್ಲ. ಮುಂದಿನ ಸಲ ಇಂಥ ಅಂಗಡಿಗಳಿಗೆ ಸಹಕಾರ ಸಂಘದ ಮೂಲಕ ಬಡ್ಡಿ ಇಲ್ಲದ ಅಲ್ಪಾವಧಿ ಸಾಲ ಸಿಗುವ ಹಾಗೆ ಈಗಲೇ ದಾರಿ ಮಾಡಿಡಿ. ನಮ್ಮ ಜಿಲ್ಲೆಯಲ್ಲಿ ಸಹಕಾರ ಸಂಘಗಳಿಗೆ ಕೊರತೆ ಇಲ್ಲ. ಅಡಿಕೆಗೆ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘ ಕಟ್ಟಿದ ನಾಡು ಇದು. ದಿನಸಿಗೆ ಒಂದು ಸಣ್ಣ ಏರ್ಪಾಡು ಮಾಡಲು ಆಗದೇ ಇರುತ್ತದೆಯೇ?

ಸಾಮಾನು ಮನೆಗೆ ತಲುಪಿಸುವ ವಿಷಯದಲ್ಲೂ ನಮ್ಮ ಊರಿನ ಬುದ್ಧಿಯೇ ಕೆಲಸಕ್ಕೆ ಬಂದಿದ್ದು. 2021ರ ಆದೇಶದಲ್ಲಿ ಮನೆಗೆ ತಲುಪಿಸಲು ದಿನವಿಡೀ ಅವಕಾಶ ಇತ್ತು. ಕಾಗದದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದು ನಡೆಯಿತು ಕೂಡ. ಹುಡುಗರು ಸ್ಕೂಟರಿನಲ್ಲಿ ತಂದು ಗೇಟಿನ ಮೇಲೆ ಚೀಲ ನೇತುಹಾಕಿ ಹೋಗುತ್ತಿದ್ದರು. ಒಂದು ದೊಡ್ಡ ಅಂಗಡಿ ಮಾತ್ರ ಆಪ್‌ನಲ್ಲಿ ಆರ್ಡರ್ ಮಾಡಿದರಷ್ಟೇ ಕೊಡುತ್ತೇವೆ ಅಂದುಬಿಟ್ಟಿತು. ನಮ್ಮ ಪಕ್ಕದ ಮನೆಯ ಹಿರಿಯರು ಫೋನ್ ಮಾಡಿ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಫೋನಿನಲ್ಲಿ ಹೇಳಿದರೂ, ಚೀಟಿಯಲ್ಲಿ ಬರೆದು ಕೊಟ್ಟರೂ ತೆಗೆದುಕೊಳ್ಳಲೇಬೇಕು ಅನ್ನುವುದು ನಿಯಮವಾಗಬೇಕು.

ಹಳ್ಳಿ ಕಡೆಯ ಕಥೆ ಬೇರೆ. ನಮ್ಮಲ್ಲಿ ಹಿಂದಿನಿಂದ ಒಂದು ಪದ್ಧತಿ ಇದೆ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಮತ್ತು ಚೀಲ ಕೊಟ್ಟರೆ, ಪೇಟೆಯ ಅಂಗಡಿಯವರು ಸಾಮಾನು ತುಂಬಿಸಿ ಸಂಜೆ ಬಸ್ಸಿಗೆ ಹಾಕುತ್ತಾರೆ. ಊರಿನ ಕಟ್ಟೆಯ ಹತ್ತಿರ ಇಳಿಸಿ ಹೋಗುತ್ತಾರೆ. ಮನೆ ಬಾಗಿಲಿನ ಸೇವೆ ಅಂತ ಈಗ ಹೇಳುವುದನ್ನು ಮಲೆನಾಡಿನ ಖಾಸಗಿ ಬಸ್ಸುಗಳು ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದಿವೆ. ಲಾಕ್‌ಡೌನಿನಲ್ಲಿ ಬಸ್ಸು ನಿಂತಿತು. ಅದರ ಜೊತೆ ಈ ದಾರಿಯೂ ನಿಂತಿತು. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರ ಪಾಡು ಇನ್ನೂ ಕಷ್ಟ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಕೊರೊನಾ ಕಾಲದಲ್ಲಿ ಸಾಗರಕ್ಕೆ ಹತ್ತಿರದ ದಾರಿ ಅಂದರೆ ಲಾಂಚ್ ಒಂದೇ. ಲಾಂಚ್ ನಿಂತರೆ ಸುತ್ತು ದಾರಿ.

ಆದರೆ ಒಂದು ಗಾಡಿ ಮಾತ್ರ ನಿಲ್ಲಲಿಲ್ಲ. ಹಾಲಿನ ಗಾಡಿ. ಡೈರಿಗೆ ಹಾಲು ಹಾಕುವ ಊರುಗಳಿಗೆ ದಿನವೂ ಅದು ಬಂದೇ ಬರುತ್ತಿತ್ತು. ಕೆಲವು ಕಡೆ ಜನ ಔಷಧಿ ಚೀಟಿಯನ್ನು, ಸಣ್ಣ ಪುಟ್ಟ ಸಾಮಾನಿನ ಚೀಟಿಯನ್ನು ಆ ಗಾಡಿಯವರ ಕೈಗೆ ಕೊಟ್ಟು ಕಳಿಸಿದರು. ಅವರು ನಿಯಮಕ್ಕೆ ಹೆದರಿಕೊಂಡೇ ತಂದುಕೊಟ್ಟರು. ಒಳ್ಳೆಯ ಕೆಲಸವನ್ನು ಕದ್ದು ಮಾಡುವ ಪರಿಸ್ಥಿತಿ ಯಾಕೆ ಬರಬೇಕು? ಹಾಲಿನ ದಾರಿಗಳ ನಕ್ಷೆ ನಮ್ಮ ಹಾಲು ಒಕ್ಕೂಟ ಶಿಮುಲ್ ಹತ್ತಿರ ಇದ್ದೇ ಇರುತ್ತದೆ. ತುರ್ತು ಸಮಯದಲ್ಲಿ ಅದೇ ದಾರಿಯಲ್ಲಿ ದಿನಸಿಗೆ ಒಂದು ಲಗೇಜ್ ಆಟೋ ಅಥವಾ ಪಿಕಪ್ ಓಡಬಹುದು, ಪಾಸ್ ಮೊದಲೇ ಕೊಟ್ಟಿರಬಹುದು. ಖಾಸಗಿ ಬಸ್ ಮಾಲೀಕರ ಜೊತೆಗೂ ಮಾತಾಡಿ. ಪ್ರಯಾಣಿಕರಿಲ್ಲದೆ ಸಾಮಾನು ಮಾತ್ರ ಹೊತ್ತು ದಿನಕ್ಕೊಂದು ಬಸ್ ಬಂದರೂ ಸಾಕಿತ್ತು.

ಫೋನಿನ ಬಗ್ಗೆ ಒಂದು ಮಾತು. ಪಡಿತರ ಅಂಗಡಿಯಲ್ಲಿ ಸೋಂಕಿನ ಭಯಕ್ಕೆ ಹೆಬ್ಬೆಟ್ಟು ಒತ್ತಿಸುವುದನ್ನು ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಆದರೆ ಅದರ ಬದಲಿಗೆ ಮೊಬೈಲಿಗೆ ಬರುವ ಒಟಿಪಿ ಅಂದಾಗ ನೆಟ್‌ವರ್ಕ್ ಇಲ್ಲದ ಊರಿನವರು ಗುಡ್ಡ ಹತ್ತಬೇಕಾಯಿತು. ಮಲೆನಾಡಿಗೆ ಯಾವ ವ್ಯವಸ್ಥೆ ಮಾಡಿದರೂ ಸಿಗ್ನಲ್ ಇಲ್ಲದೆಯೂ ಅದು ನಡೆಯಬೇಕು. ಸಹಿ ಮಾಡಿದ ಪುಸ್ತಕ ಸಾಕು.

ಅನವಶ್ಯಕವಾಗಿ ಮಾಡಿದ್ದೂ ಇದೆ. ಹಾಲಿನ ಪ್ಯಾಕೆಟ್ ತೊಳೆದೆವು, ತರಕಾರಿಗೆ ಸೋಪಿನ ನೀರು ಹಾಕಿದೆವು, ಅಂಗಡಿಯವರು ನೋಟಿಗೂ ಔಷಧಿ ಸಿಂಪಡಿಸಿದರು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ಮನೆಯಿಂದ ಚೀಲ ತರುವುದನ್ನೇ 2020ರ ಮಾರ್ಚ್‌ನಲ್ಲಿ ನಿಷೇಧಿಸಿ, ಜುಲೈನಲ್ಲಿ ಆ ನಿಷೇಧ ತೆಗೆದರು. ವಸ್ತು ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಕಾಯಿಲೆ ಹರಡುತ್ತಿದ್ದದ್ದು ಮುಖ್ಯವಾಗಿ ಗಾಳಿಯಲ್ಲಿ. ಅದನ್ನು ನೋಡಿದರೆ ನಮ್ಮ ಹಳೆಯ ಅಂಗಡಿಗಳೇ ಮೇಲು. ಮುಂಭಾಗ ಪೂರ್ತಿ ತೆರೆದಿರುತ್ತದೆ. ಗಿರಾಕಿ ಜಗಲಿಯ ಮೇಲೋ ರಸ್ತೆಯಲ್ಲೋ ನಿಲ್ಲುತ್ತಾರೆ. ಎಸಿ ಹಾಕಿ, ಗಾಜಿನ ಬಾಗಿಲು ಮುಚ್ಚಿ, ಒಳಗೆ ಸುತ್ತಾಡಿಸುವ ಮಾರ್ಟ್‌ಗಳಿಗೆ ಹೋಲಿಸಿದರೆ ಇಲ್ಲಿ ಅಪಾಯ ಕಡಿಮೆ. ಆದರೂ ಎರಡಕ್ಕೂ ಒಂದೇ ನಿಯಮ ಹಾಕಿದ್ದರು. ಮುಂದೆ ಉಸಿರಿನಿಂದ ಹರಡುವ ಕಾಯಿಲೆ ಬಂದರೆ ತೆರೆದ ಅಂಗಡಿಗೆ ಜಾಸ್ತಿ ಹೊತ್ತು, ಮುಚ್ಚಿದ ಅಂಗಡಿಗೆ ಒಳಗೆ ಇಷ್ಟೇ ಜನ ಅಂತ ಬೇರೆ ಬೇರೆ ಬರೆಯಿರಿ.

ಬೆಲೆಯ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 200 ಮಿಲಿ ಸ್ಯಾನಿಟೈಜರಿಗೆ 100 ರೂಪಾಯಿ ಮೀರಬಾರದು ಅಂತ ಕಟ್ಟು ಮಾಡಿತು. ಮಾಸ್ಕನ್ನೂ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ರೀತಿ ಎಣ್ಣೆ, ಬೇಳೆ, ಸಕ್ಕರೆಯ ಆ ದಿನದ ದರವನ್ನು ತಾಲ್ಲೂಕು ಕಚೇರಿ ಬೆಳಿಗ್ಗೆ ಬೋರ್ಡಿಗೆ ಹಾಕಿದರೆ ಸಾಕು. ಗಿರಾಕಿಗೂ ಗೊತ್ತಿರುತ್ತದೆ, ಪ್ರಾಮಾಣಿಕ ವ್ಯಾಪಾರಿಗೂ ಸುಮ್ನೆ ಮಾತು ಕೇಳುವುದು ತಪ್ಪುತ್ತದೆ.

ಅಂಗಡಿಯಲ್ಲಿ ದುಡಿಯುವವರ ಬಗ್ಗೆ ಹೇಳಲೇಬೇಕು. ಮಾಲೀಕರಿಗಿಂತ ಹೆಚ್ಚು ಹೊತ್ತು ಜನರ ಎದುರು ನಿಂತವರು ಪೊಟ್ಟಣ ಕಟ್ಟುವ ಹುಡುಗರು, ಬಿಲ್ ಹಾಕುವ ಹೆಣ್ಣುಮಕ್ಕಳು, ಲೋಡು ಇಳಿಸುವ ಹಮಾಲಿಗಳು. ಬಸ್ಸಿಲ್ಲದ ದಿನಗಳಲ್ಲಿ ಅವರು ಬೆಳಿಗ್ಗೆ 6ಕ್ಕೆ ಅಂಗಡಿಗೆ ಬರಬೇಕು ಅಂದರೆ ಕತ್ತಲಲ್ಲೇ ಹೊರಡಬೇಕಿತ್ತು. ದಾರಿಯಲ್ಲಿ ತಡೆದರೆ ತೋರಿಸಲು ಕೈಯಲ್ಲಿ ಗುರುತಿನ ಚೀಟಿ ಇರಲಿಲ್ಲ. ಅಮೆರಿಕದಲ್ಲಿ ಕ್ರೋಗರ್ ಎಂಬ ದೊಡ್ಡ ದಿನಸಿ ಕಂಪನಿ ತನ್ನ ಕೆಲಸಗಾರರಿಗೆ ಗಂಟೆಗೆ 2 ಡಾಲರ್ ಹೆಚ್ಚು ಕೊಟ್ಟು, 2020ರ ಮೇ ನಡುವಿನಲ್ಲಿ ಅದನ್ನು ನಿಲ್ಲಿಸಿತು. ಕಾಯಿಲೆ ಅಷ್ಟಕ್ಕೆ ನಿಂತಿರಲಿಲ್ಲ. ನಮ್ಮಲ್ಲಿ ಬಹಳಷ್ಟು ಕಡೆ ಅಷ್ಟೂ ಇರಲಿಲ್ಲ. ದಿನಸಿ ಅಂಗಡಿಯನ್ನು ಅಗತ್ಯ ಸೇವೆ ಅಂತ ಕರೆದ ಮೇಲೆ ಅಲ್ಲಿ ದುಡಿಯುವವರಿಗೂ ಅಗತ್ಯ ಸೇವೆಯವರಿಗೆ ಸಿಗುವುದೆಲ್ಲ ಸಿಗಬೇಕು. ಗುರುತಿನ ಚೀಟಿ, ಒಳ್ಳೆಯ ಮಾಸ್ಕ್, ಲಸಿಕೆಯಲ್ಲಿ ಮೊದಲ ಸಾಲು, ಕಾಯಿಲೆ ಬಿದ್ದರೆ ರಜೆಯ ಸಂಬಳ. ಎರಡನೇ ಅಲೆಯಲ್ಲಿ ಹೋದವರಲ್ಲಿ ಅಂಗಡಿಯವರೂ ಇದ್ದಾರೆ. ನಮಗೆ ಅಕ್ಕಿ ತೂಗಿ ಕೊಟ್ಟಿದ್ದಕ್ಕೇ ಅವರಿಗೆ ಸೋಂಕು ತಗಲಿರಬಹುದು ಅಂತ ನೆನೆದಾಗ ಇವತ್ತಿಗೂ ಸಂಕಟವಾಗುತ್ತದೆ.

ಕೊರೊನಾ ಮುಗಿಯಿತಲ್ಲ, ಈಗ ಯಾಕೆ ಇದೆಲ್ಲ ಅಂತ ಯಾರಾದರೂ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತು ಅಂದಿದೆ, ನಿಜ. ಆದರೆ ನಮ್ಮ ಜಿಲ್ಲೆಗೆ ತುರ್ತು ಪರಿಸ್ಥಿತಿ ಹೊಸದಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಜೀವ ತೆಗೆಯಿತು ಅಂತ ಆ ಕಡೆಯವರನ್ನು ಕೇಳಿ. ಆಗ ಕಾಡಿನ ದಾರಿಯಲ್ಲಿ ಅಂಗಡಿಗೆ ಹೋಗಲೂ ಜನ ಹೆದರಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಮತ್ತೆ ಆರೇಳು ತಿಂಗಳಿಗೆ ಲಾಕ್‌ಡೌನ್. 2020ರ ಮೇ 10ರವರೆಗೆ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ಇರಲಿಲ್ಲ. ಮುಂದಿನ ವರ್ಷ ಇದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಹಾಸಿಗೆಗೆ ಪರದಾಡಿದೆವು. ನಮಗೆ ಸಿದ್ಧವಾಗಲು ಸಿಗುವ ಸಮಯ ಅಷ್ಟೇ.

ಹೇಗೆ ಮಾಡಬೇಕು ಅಂತಲೂ ನನ್ನ ತಿಳಿವಿಗೆ ಬಂದಷ್ಟು ಹೇಳುತ್ತೇನೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಜನ ಮಳೆಗಾಲದ ಸಾಮಾನಿಗೆ ಹೊರಡುವ ಮೊದಲು, ತಾಲ್ಲೂಕಿಗೆ ಒಂದು ಸಭೆ ಕರೆಯಿರಿ. ತಹಶೀಲ್ದಾರರು, ಪೊಲೀಸರು, ಆಹಾರ ಇಲಾಖೆಯವರು ಇರಲಿ. ಸಗಟು ವ್ಯಾಪಾರಿಗಳು ಇರಲಿ. ಆದರೆ ಅರ್ಧಕ್ಕಿಂತ ಹೆಚ್ಚು ಕುರ್ಚಿ ಒಳಗಿನ ಊರಿನ ಸಣ್ಣ ಅಂಗಡಿಯವರಿಗೆ, ಹಾಲಿನ ಸಂಘದವರಿಗೆ, ಬಸ್ಸಿನವರಿಗೆ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಕೊಡಿ. ಮನೆಗೆ ಏನು ಎಷ್ಟು ಬೇಕು ಅಂತ ಆ ಹೆಣ್ಣುಮಕ್ಕಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಯಾವ ಊರಿಗೆ ಯಾವ ಅಂಗಡಿ, ಯಾವ ಗಾಡಿ, ಯಾರ ಫೋನ್ ನಂಬರ್, ಒಂಟಿಯಾಗಿರುವ ಹಿರಿಯರು ಯಾವ ಮನೆಯಲ್ಲಿದ್ದಾರೆ ಅನ್ನುವ ಪಟ್ಟಿ ಅಲ್ಲೇ ತಯಾರಾಗಲಿ. ಅದರ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಅಂಗಡಿಯಲ್ಲಿ ಇರಲಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ.

ಅಂಗಡಿಯವರಲ್ಲೂ ಒಂದು ಬೇಡಿಕೆ. ನೀವು ಆಗ ಏನೇನು ಮಾಡಿದಿರಿ, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಗಿನ ಲೆಕ್ಕದ ಪುಸ್ತಕ ಇನ್ನೂ ಇದ್ದರೆ ರದ್ದಿಗೆ ಹಾಕಬೇಡಿ. ಸಭೆಗೆ ಕರೆದ ದಿನ ಒಂದು ಹೊತ್ತು ಬಾಗಿಲು ಹಾಕಿಯಾದರೂ ಬನ್ನಿ.

ಜಿಲ್ಲಾಧಿಕಾರಿಗಳೇ, ಮೊದಲ ಸಭೆಯನ್ನು ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಇಡಿ, ಶಿವಮೊಗ್ಗದಲ್ಲಿ ಬೇಡ. ದಿನಾಂಕ ಗೊತ್ತು ಮಾಡಿ ತಿಳಿಸಿ. ನಮ್ಮೂರಿನ ಅಂಗಡಿಯವರನ್ನು ಕರೆದುಕೊಂಡು ಬರುವ ಜವಾಬ್ದಾರಿ ನನ್ನದು.

ಇಂತಿ,
ವಿನೋಬನಗರದ ಒಬ್ಬ ಗೃಹಿಣಿ
ಶಿವಮೊಗ್ಗ